ಕಿರು ಫಿಲಂ ಸುರುಳಿಗಳ ಡಿಜಿಟಲ್ ಪರಿವರ್ತನೆ: ಒಂದೊಂದು ಚೌಕಟ್ಟಿನ ಲೆಕ್ಕ

ಕೊಡಾಕ್ ಕಂಪನಿ 1932ರಲ್ಲಿ 8 ಮಿಲಿಮೀಟರ್ ಫಿಲಂ ಅನ್ನೂ 1965ರಲ್ಲಿ ಸೂಪರ್ 8 ಅನ್ನೂ ಮಾರುಕಟ್ಟೆಗೆ ತಂದ ಮೇಲೆ ಚಲನಚಿತ್ರ ತೆಗೆಯುವುದು ಎಷ್ಟೋ ಕುಟುಂಬಗಳ ಕೈಗೆಟುಕಿತು. ಆ ಸುರುಳಿಗಳನ್ನು ಮನೆಯಲ್ಲೇ ಡಿಜಿಟಲ್ ವಿಡಿಯೋ ಮಾಡಲು ಹೊರಟವರಿಗೆ ಮೊದಲು ಹೊಳೆಯುವ ಉಪಾಯವೆಂದರೆ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೀಳುವ ಚಿತ್ರವನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವುದು. ಹಾಗೆ ತೆಗೆದ ವಿಡಿಯೋ ಬಹುಪಾಲು ಮಿನುಗುತ್ತಿರುತ್ತದೆ.

ಇದಕ್ಕೆ ಕಾರಣ ಪ್ರೊಜೆಕ್ಟರಿನ ಶಟರ್, ಅಂದರೆ ತಿರುಗುತ್ತ ಬೆಳಕನ್ನು ಆಗಾಗ ತಡೆಯುವ ರೆಕ್ಕೆಗಳ ತಟ್ಟೆ. ಚಿತ್ರ ಕಣ್ಣಿಗೆ ನಿರಂತರವಾಗಿ ಕಾಣಲೆಂದು ಮೂರು ರೆಕ್ಕೆಗಳ ಶಟರ್ ಪ್ರತಿ ಚೌಕಟ್ಟಿನ (ಫಿಲಂ ಮೇಲಿನ ಒಂದೊಂದು ಬಿಡಿ ಚಿತ್ರದ) ಬೆಳಕನ್ನು ಮೂರು ಬಾರಿ ತಡೆಯುತ್ತದೆ. ಸೆಕೆಂಡಿಗೆ 18 ಚೌಕಟ್ಟು ಓಡಿದರೆ 54 ಬೆಳಕಿನ ಮಿಡಿತಗಳಾಗುತ್ತವೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಈ 54 ಸಮನಾಗಿ ಹಂಚಿಕೆಯಾಗುವುದಿಲ್ಲ. ಪ್ರೊಜೆಕ್ಟರಿನ ವೇಗವನ್ನು ಸೆಕೆಂಡಿಗೆ ಸುಮಾರು 16.67 ಚೌಕಟ್ಟಿಗೆ ಇಳಿಸಿದರೆ ಮಿಡಿತಗಳು ಸರಿಯಾಗಿ 50 ಆಗಿ, ಪ್ರತಿ ವಿಡಿಯೋ ಚಿತ್ರಕ್ಕೆ ಎರಡೆರಡು ದೊರೆತು ಮಿನುಗು ಮಾಯವಾಗುತ್ತದೆ. ಆದರೆ ಕ್ಯಾಮೆರಾದ ಎಕ್ಸ್‌ಪೋಷರ್ (ಒಂದು ಚಿತ್ರಕ್ಕಾಗಿ ಬೆಳಕು ಪಡೆಯುವ ಅವಧಿ) 1/25 ಸೆಕೆಂಡ್ ಇದ್ದಾಗ, ಫಿಲಂ ಚೌಕಟ್ಟಿಗೆ ಮೂರು ಮಿಡಿತ, ವಿಡಿಯೋ ಚಿತ್ರಕ್ಕೆ ಎರಡು ಎಂಬ ಲೆಕ್ಕದಿಂದಾಗಿ ಪ್ರತಿ ಮೂರರಲ್ಲಿ ಒಂದು ವಿಡಿಯೋ ಚಿತ್ರದಲ್ಲಿ ಅಕ್ಕಪಕ್ಕದ ಎರಡು ಚೌಕಟ್ಟುಗಳು ಬೆರೆಯಬಹುದು. ಹೀಗೆ ಬೆರೆತದ್ದನ್ನು ಮತ್ತೆ ಸ್ವಚ್ಛವಾಗಿ ಬಿಡಿಸುವುದು ಬಹಳ ಕಷ್ಟ.

ಆದ್ದರಿಂದ ಓಟವನ್ನು ಬಿಟ್ಟು ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ಛಾಯಾಚಿತ್ರ ತೆಗೆಯುವುದೇ ಸರಿಯಾದ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಹಳೆಯ ಪ್ರೊಜೆಕ್ಟರಿಗೆ ನಿಧಾನ ಗತಿಯ ಮೋಟಾರು ಜೋಡಿಸಿ, ಶಟರ್ ತೆಗೆದು, ಚೌಕಟ್ಟು ನಿಂತ ಕ್ಷಣದಲ್ಲಿ ಕ್ಯಾಮೆರಾಕ್ಕೆ ಸಂಕೇತ ಕಳುಹಿಸುವ ಸೆನ್ಸರ್ ಇಟ್ಟರೆ ಯಂತ್ರದ ಮುಖ್ಯ ಭಾಗ ಸಿದ್ಧ. ಮೂಲ ದೀಪವನ್ನು ಮಾತ್ರ ಉಳಿಸಿಕೊಳ್ಳಬಾರದು; ಅದರ ಶಾಖ ನಿಂತ ಫಿಲಂ ಅನ್ನು ಕರಗಿಸಬಲ್ಲದು. ಹಾಲುಬಣ್ಣದ ಹಾಳೆಯ ಹಿಂದೆ ಇಟ್ಟ, ಬಣ್ಣಗಳನ್ನು ನಿಖರವಾಗಿ ತೋರುವ ಬಿಳಿ ಎಲ್‌ಇಡಿ ಸಾಕು, ಅಲ್ಲದೆ ಹರಡಿದ ಬೆಳಕಿನಲ್ಲಿ ಗೀರುಗಳೂ ಮಸುಕಾಗುತ್ತವೆ.

ಸೂಪರ್ 8 ಚೌಕಟ್ಟಿನ ಅಗಲ 6 ಮಿಲಿಮೀಟರಿಗೂ ಕಡಿಮೆ. ಹೀಗಾಗಿ ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಕು, ಫೋಕಸ್ ಕೂದಲೆಳೆಯಷ್ಟೂ ತಪ್ಪಬಾರದು. ಫೋಕಸ್ ಮಾಡುವಾಗ ಚಿತ್ರದಲ್ಲಿರುವ ಮುಖವನ್ನಲ್ಲ, ಫಿಲಂನ ಕಣವಿನ್ಯಾಸವನ್ನು, ಅಂದರೆ ಚಿತ್ರವನ್ನು ರೂಪಿಸುವ ಸೂಕ್ಷ್ಮ ಕಣಗಳನ್ನು, ನೋಡಬೇಕು. ಅಂದು ಚಿತ್ರ ತೆಗೆದವರ ಫೋಕಸ್ ತಪ್ಪಿದ್ದರೂ ಕಣಗಳು ಸ್ಪಷ್ಟವಾಗಿಯೇ ಇರುತ್ತವೆ. ನೆಗೆಟಿವ್ ಇಲ್ಲದೆ ನೇರವಾಗಿ ಪಾಸಿಟಿವ್ ಚಿತ್ರ ಮೂಡುವ ರಿವರ್ಸಲ್ ಫಿಲಂನಲ್ಲಿ ನೆರಳುಗಳು ಬಹಳ ದಟ್ಟವಾಗಿರುವುದರಿಂದ, ಒಂದೇ ಚೌಕಟ್ಟನ್ನು ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ತೆಗೆದು ಸೇರಿಸಿದರೆ ಕತ್ತಲಲ್ಲಿ ಅಡಗಿದ ವಿವರಗಳೂ ಮೇಲೇಳುತ್ತವೆ. 15 ಮೀಟರಿನ ಒಂದು ಸೂಪರ್ 8 ಸುರುಳಿಯಲ್ಲಿ ಸುಮಾರು 3,600 ಚೌಕಟ್ಟುಗಳಿರುತ್ತವೆ. ಸೆಕೆಂಡಿಗೆ ಒಂದರಂತೆ ತೆಗೆದರೂ 3 ನಿಮಿಷ 20 ಸೆಕೆಂಡಿನ ಚಿತ್ರಕ್ಕೆ ಒಂದು ಗಂಟೆ ಬೇಕು. ಚೌಕಟ್ಟುಗಳ ಅಲುಗಾಟವನ್ನು ತಂತ್ರಾಂಶ ಸರಿಪಡಿಸುತ್ತದೆ, ಅಂಚಿನ ರಂಧ್ರವೂ ಚಿತ್ರದಲ್ಲಿ ಬರುವಂತೆ ತೆಗೆದಿದ್ದರೆ ಅದೇ ಆಧಾರಬಿಂದು.

ಸುರುಳಿಯ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ತಡಮಾಡಬಾರದು. ಫಿಲಂನ ಆಧಾರವಾದ ಅಸಿಟೇಟ್ ಎಂಬ ಪ್ಲಾಸ್ಟಿಕ್ ಪದರ ತೇವಾಂಶದಿಂದ ಒಡೆದು ಅಸಿಟಿಕ್ ಆಮ್ಲ ಬಿಡುತ್ತಿರುತ್ತದೆ, ಆ ಆಮ್ಲವೇ ಒಡೆಯುವಿಕೆಯನ್ನು ಇನ್ನಷ್ಟು ವೇಗಗೊಳಿಸುತ್ತದೆ. ಫಿಲಂ ಕುಗ್ಗಿ ರಂಧ್ರಗಳ ಅಂತರ ಬದಲಾದರೆ ಪ್ರೊಜೆಕ್ಟರಿನ ಹಲ್ಲುಗಳು ಅದನ್ನು ಹರಿಯುತ್ತವೆ. ಅಂಥದ್ದನ್ನು ಹಲ್ಲುಗಳಿಲ್ಲದ, ಉರುಳೆಗಳ ಮೇಲೆ ಸಾಗಿಸುವ ಸ್ಕ್ಯಾನರಿಗೆ ಒಪ್ಪಿಸುವುದೇ ಲೇಸು.

ಅಂಚಿನಲ್ಲಿ ಕಾಂತೀಯ ಧ್ವನಿಪಟ್ಟಿ ಇರುವ ಸೂಪರ್ 8 ಸುರುಳಿಗಳನ್ನು ಎರಡು ಬಾರಿ ಓಡಿಸಬೇಕಾಗುತ್ತದೆ. ಚಿತ್ರಕ್ಕೆ ಫಿಲಂ ನಿಂತು ನಿಂತು ಸಾಗಬೇಕು, ಧ್ವನಿಗೆ ಒಂದೇ ವೇಗದಲ್ಲಿ ಹರಿಯಬೇಕು. ಧ್ವನಿಯನ್ನು ಅದರ ಚಿತ್ರದಿಂದ 18 ಚೌಕಟ್ಟು ಮುಂದೆ ದಾಖಲಿಸಿರುವುದೂ ಇದಕ್ಕಾಗಿಯೇ. ಚಾಲನೆಯಲ್ಲಿರುವ ಧ್ವನಿ ಪ್ರೊಜೆಕ್ಟರಿನಿಂದ ಧ್ವನಿಯನ್ನು ಪ್ರತ್ಯೇಕವಾಗಿ ಪಡೆದು, ಚೌಕಟ್ಟುಗಳನ್ನು ಮೂಲ ವೇಗದಲ್ಲಿ ಜೋಡಿಸಿದ ಬಳಿಕ ಅದಕ್ಕೆ ಹೊಂದಿಸಬೇಕು.