ಪೊಲೀಸರೇ ಇಲ್ಲದ ಊರಿನಲ್ಲಿ ಕೊಲೆಯಾದರೆ?

ಪ್ರಶ್ನೆ: ಪೊಲೀಸ್, ಕೋರ್ಟು, ಜೈಲು ಯಾವುದೂ ಇಲ್ಲದ ಸಮಾಜಗಳಿದ್ದವು ಎನ್ನುತ್ತೀರಿ. ಹಾಗಾದರೆ ಅಲ್ಲಿನ ಜನ ಒಬ್ಬರನ್ನೊಬ್ಬರು ಕಡಿದುಕೊಂಡು ಮುಗಿದುಹೋಗಲಿಲ್ಲವೇಕೆ?

ಉತ್ತರ: ಈ ಪ್ರಶ್ನೆ ಎಷ್ಟನೆಯ ಸಲ ಬರುತ್ತಿದೆಯೋ, ಎಣಿಸುವುದನ್ನು ಬಿಟ್ಟಿದ್ದೇನೆ. ಚುಟುಕಾಗಿ ಹೇಳುವುದಾದರೆ, ಕಡಿದುಕೊಂಡದ್ದುಂಟು, ಮುಗಿದುಹೋಗಲಿಲ್ಲ. ಜಗಳವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅವರಿಗೆ ಗೊತ್ತಿತ್ತು.

ನನ್ನ ತಕರಾರು ಪ್ರಶ್ನೆಯ ಹೊಟ್ಟೆಯೊಳಗಿರುವ ನಂಬಿಕೆಯ ಜೊತೆಗೆ. ದಂಡ ಹಿಡಿದವನಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಮತ್ಸ್ಯನ್ಯಾಯ ಎಂಬ ಹೆಸರೂ ಇದೆ. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಹಸ್ತಪ್ರತಿಯಲ್ಲೂ ಆ ಮಾತು ಬರುತ್ತದೆ. ಆದರೆ ಅದು ಯಾರಿಗಾಗಿ ಬರೆದ ಗ್ರಂಥ? ಅರಸನಿಗಾಗಿ. ಮಳೆ ಬಂದೇ ಬರುತ್ತದೆ ಎಂದು ಕೊಡೆ ಮಾರುವವನು ಹೇಳಿದರೆ ನಾವು ಒಮ್ಮೆ ಆಕಾಶ ನೋಡುತ್ತೇವಲ್ಲ, ಇಲ್ಲಿ ಮಾತ್ರ ಯಾರೂ ತಲೆಯೆತ್ತಿ ನೋಡುವುದಿಲ್ಲ. ‘ಅರಾಜಕತೆ’ ಎಂಬ ಪದವನ್ನೇ ಬಿಡಿಸಿ ನೋಡಿ: ರಾಜನಿಲ್ಲದ ಸ್ಥಿತಿ, ಅಷ್ಟೇ. ಅದಕ್ಕೆ ಗದ್ದಲ, ಲೂಟಿ, ರಕ್ತಪಾತ ಎಂಬ ಅರ್ಥವನ್ನು ಅಂಟಿಸಿದವರು ನಾವು. ಪೊಲೀಸರಾದರೂ ಮೊದಲಿನಿಂದ ಇದ್ದವರೇನಲ್ಲ. ಲಂಡನ್ನಿನಂಥ ಲಂಡನ್ನಿಗೇ ಮೆಟ್ರೊಪಾಲಿಟನ್ ಪೊಲೀಸ್ ಬಂದದ್ದು 1829ರಲ್ಲಿ. ನಮ್ಮ ಪೊಲೀಸ್ ಕಾಯ್ದೆ 1861ರದ್ದು.

ಇನ್ನು ಮೀನಿಗೂ ಮನುಷ್ಯನಿಗೂ ಇರುವ ಒಂದು ವ್ಯತ್ಯಾಸವನ್ನು ಆ ಹೋಲಿಕೆ ಮರೆಯುತ್ತದೆ. ಮೀನಿಗೆ ಮಾವನ ಮನೆಯಿಲ್ಲ.

ನೈಲ್ ನದಿಯ ಮೇಲ್ಭಾಗದ ಜೌಗು ಬಯಲಿನಲ್ಲಿ, ಈಗಿನ ದಕ್ಷಿಣ ಸುಡಾನ್‌ನಲ್ಲಿ, ನುಯರ್ ಎಂಬ ದನಗಾಹಿ ಜನರಿದ್ದಾರೆ. 1930ರಲ್ಲಿ ಇವಾನ್ಸ್ ಪ್ರಿಚರ್ಡ್ ಎಂಬ ಮಾನವಶಾಸ್ತ್ರಜ್ಞ ಅಲ್ಲಿಗೆ ಹೋದಾಗ ಅವರು ಎರಡು ಲಕ್ಷದಷ್ಟಿದ್ದರು. ರಾಜನಿಲ್ಲ, ನ್ಯಾಯಾಧೀಶನಿಲ್ಲ, ಜೈಲಂತೂ ಇಲ್ಲವೇ ಇಲ್ಲ. (ಅದಕ್ಕೆ ಸ್ವಲ್ಪ ಮುಂಚೆ ಅವರಿಗೆ ‘ಶಿಸ್ತು’ ಕಲಿಸಲು ಬ್ರಿಟಿಷರು ವಿಮಾನದಿಂದ ಬಾಂಬು ಹಾಕಿದ್ದರು. ಇಲ್ಲಿ ದೊಡ್ಡ ಮೀನು ಯಾವುದು, ನೀವೇ ಹೇಳಿ.)

ಅಲ್ಲಿ ಕೊಲೆ ಮಾಡಿದವನು ಚಿರತೆಯ ಚರ್ಮ ಹೊದೆಯುವ ಪುರೋಹಿತನ ಮನೆಗೆ ಓಡುತ್ತಿದ್ದ. ಪುರೋಹಿತ ಅವನ ತೋಳಿನಲ್ಲಿ ಗೀರೆಳೆದು ರಕ್ತ ಹರಿಸುವ ತನಕ ಅವನು ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಆ ಮನೆಯಲ್ಲಿ ಯಾರೂ ನೆತ್ತರು ಚೆಲ್ಲುವಂತಿಲ್ಲ. ಸತ್ತವನ ಅಣ್ಣತಮ್ಮಂದಿರು ಭರ್ಜಿ ಹಿಡಿದು ಹೊರಗೆ ಕಾಯಬೇಕು. ವಾರಗಟ್ಟಲೆ ಕಳೆದು ಸಿಟ್ಟಿನ ಕಾವು ಇಳಿದ ಮೇಲೆ ಪುರೋಹಿತ ಸಂಧಾನಕ್ಕೆ ಹೊರಡುತ್ತಿದ್ದ. ಸತ್ತವನ ಕಡೆಯವರು ಮೊದಲು ಒಲ್ಲೆ ಎನ್ನಲೇಬೇಕು, ಅದು ಮಾನದ ಪ್ರಶ್ನೆ. ಶಾಪ ಹಾಕುತ್ತೇನೆಂದು ಅವನು ಗದರಿದಾಗ, ‘ನಿಮ್ಮ ಮಾತಿಗೆ ಬೆಲೆ ಕೊಟ್ಟು’ ಎಂಬ ಧಾಟಿಯಲ್ಲಿ ಒಪ್ಪುತ್ತಿದ್ದರು. ಕೊಂದವನ ಕಡೆಯಿಂದ ಪರಿಹಾರ ನಲವತ್ತರಿಂದ ಐವತ್ತು ದನ, ಕಂತುಕಂತಾಗಿ. ಆ ದನಗಳನ್ನು ವಧುದಕ್ಷಿಣೆಯಾಗಿ ಕೊಟ್ಟು ಸತ್ತವನ ಹೆಸರಿನಲ್ಲೇ ಒಬ್ಬ ಹೆಣ್ಣನ್ನು ಮದುವೆ ಮಾಡಿ ತರುತ್ತಿದ್ದರು. ಹುಟ್ಟಿದ ಮಕ್ಕಳು ಅವನ ಮಕ್ಕಳು.

ಇದನ್ನು ಓದಿದವರೆಲ್ಲ ಪುರೋಹಿತನಿಗೆ ಭಾರೀ ಅಧಿಕಾರವಿತ್ತು ಎಂದುಕೊಳ್ಳುತ್ತಾರೆ. ಇರಲಿಲ್ಲ! ಒಪ್ಪದವರನ್ನು ಹಿಡಿದು ತರಲು ಅವನ ಬಳಿ ಒಬ್ಬ ಜವಾನನೂ ಇರಲಿಲ್ಲ. ಕೆಲಸ ಮಾಡುತ್ತಿದ್ದದ್ದು ಬೇರೆಯೇ. ಲೆಕ್ಕ ತೀರುವವರೆಗೆ ಎರಡೂ ಕುಲದವರು ಒಂದೇ ಪಾತ್ರೆಯಲ್ಲಿ ಉಣ್ಣುವಂತಿಲ್ಲ, ಮೀರಿದರೆ ಸಾವು ಎಂಬ ನಂಬಿಕೆ. ಸ್ವಂತ ಕುಲದೊಳಗೆ ಮದುವೆ ನಿಷಿದ್ಧವಾದ್ದರಿಂದ ನನ್ನ ತಾಯಿಯೋ ಹೆಂಡತಿಯೋ ನಿಮ್ಮ ಕುಲದವಳೇ ಆಗಿರಬಹುದು. ಹಾಗಿದ್ದಾಗ ಊಟಕ್ಕೆ ಎಲ್ಲಿ ಕುಳಿತುಕೊಳ್ಳುವುದು? ರಾಜಿಯಾಗಲಿ ಎಂಬ ಒತ್ತಾಯ ಅಡುಗೆಮನೆಯಿಂದಲೇ ಹೊರಡುತ್ತಿತ್ತು.

ಹಾಗೆಂದು ಅದು ರಾಮರಾಜ್ಯವಲ್ಲ. ನಂಟು ತೆಳುವಾದಷ್ಟೂ ರಾಜಿ ಕಷ್ಟ. ನೆರೆಯ ಡಿಂಕಾ ಜನರ ಮೇಲೆ ದಾಳಿ ಮಾಡಿ ಕೊಂದರೆ ಒಂದು ಕರುವನ್ನೂ ಕೊಡಬೇಕಾಗಿರಲಿಲ್ಲ. ವ್ಯವಸ್ಥೆ ಇತ್ತು, ನೆಂಟಸ್ತಿಕೆ ಇದ್ದಷ್ಟು ದೂರಕ್ಕೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇಲ್ಲಿದೆ. ನಮ್ಮಲ್ಲಿ ಕೊಲೆ ಮೊಕದ್ದಮೆಯ ತೀರ್ಪಿನ ಪ್ರತಿಯನ್ನು ನೋಡಿದ್ದೀರಾ? ‘ಕರ್ನಾಟಕ ರಾಜ್ಯ ವಿರುದ್ಧ ಇಂಥವನು’ ಎಂದಿರುತ್ತದೆ. ಸತ್ತವನ ಮಗನ ಹೆಸರೆಲ್ಲಿ? ಹೆಚ್ಚೆಂದರೆ ಸಾಕ್ಷಿಗಳ ಪಟ್ಟಿಯಲ್ಲಿ. ನಮ್ಮ ಕಾನೂನಿನ ದೃಷ್ಟಿಯಲ್ಲಿ ಕೊಲೆ ಸರ್ಕಾರದ ವಿರುದ್ಧ ನಡೆದ ತಪ್ಪು. ಮನೆಯವರು ರಾಜಿ ಮಾಡಿಕೊಂಡರೂ ಮೊಕದ್ದಮೆ ಬಿದ್ದುಹೋಗುವುದಿಲ್ಲ. ಇದರಿಂದ ಬಡವನಿಗೆ ಒಂದು ಉಪಕಾರವಿದೆ: ಕೊಂದವನು ಹಣವಂತನಾದರೆ ದುಡ್ಡು ಚೆಲ್ಲಿ ಕೈತೊಳೆದುಕೊಳ್ಳಲಾರ. ಆದರೆ ಆರೋಪಿ ಬಿಡುಗಡೆಯಾದಾಗ ಸಂತ್ರಸ್ತರ ಮನೆಯವರು ತಾವೇ ಮೇಲ್ಮನವಿ ಸಲ್ಲಿಸುವ ಹಕ್ಕು ಕಾಯ್ದೆಗೆ ಸೇರಿದ್ದು 2009ರ ಕೊನೆಯಲ್ಲಿ ಜಾರಿಯಾದ ತಿದ್ದುಪಡಿಯಿಂದ. ಅಲ್ಲಿಯವರೆಗೆ ಸರ್ಕಾರ ಸುಮ್ಮನಾದರೆ ಅವರಿಗೆ ಮೇಲ್ಮನವಿಯ ಹಕ್ಕೇ ಇರಲಿಲ್ಲ. ಯಾರ ಮನೆಯಲ್ಲಿ ಸಾವಾಯಿತು ಎಂಬುದರಿಂದಲೇ ಮಾತು ಶುರುಮಾಡುವ ನುಯರ್ ಹಿರಿಯನಿಗೆ ಇದನ್ನು ವಿವರಿಸಬೇಕಾಗಿ ಬಂದರೆ ನಾನಂತೂ ತಡವರಿಸುತ್ತೇನೆ.