ಗಂಡನ ಸಹಿ ಕೇಳುವ ಕಾನೂನು ಯಾವುದು?

ಮೂಡಿಗೆರೆ, ಸಕಲೇಶಪುರದ ತೋಟಗಳ ಲೈನ್ ಮನೆಗಳಲ್ಲಿ ಗರ್ಭಪಾತ ಎಂಬ ಮಾತಿನ ಬಳಕೆ ಕಡಿಮೆ. ‘ತೆಗೆಸುವುದು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ತೆಗೆಸಲೆಂದು ಆಸ್ಪತ್ರೆಗೆ ಹೋದವಳನ್ನು ಎಷ್ಟು ತಿಂಗಳಾಯಿತೆಂದು ಕೇಳುತ್ತಾರೆ, ಗಂಡ ಬಂದಿದ್ದಾನೆಯೇ ಎಂದೂ ಹಲವೆಡೆ ಕೇಳುತ್ತಾರೆ. ಮೊದಲನೆಯದು ಕಾನೂನಿನ ಪ್ರಶ್ನೆ. ಎರಡನೆಯದು ಕಾನೂನಿನಲ್ಲಿ ಇಲ್ಲ.

1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಮು ಗರ್ಭಪಾತವನ್ನು ಅಪರಾಧವೆಂದು ಸಾರಿ, ಗರ್ಭಿಣಿಯ ಜೀವ ಉಳಿಸುವ ಸಂದರ್ಭವೊಂದನ್ನು ಮಾತ್ರ ಹೊರಗಿಟ್ಟಿತು. ತಾನೇ ಗರ್ಭ ಇಳಿಸಿಕೊಂಡ ಹೆಂಗಸೂ ಶಿಕ್ಷೆಗೆ ಗುರಿಯಾಗುತ್ತಿದ್ದಳು. ಹಾಸನವೂ, ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರೂ ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತ್ತೆಂಬುದು ನಮ್ಮವರು ಮರೆತಿರುವ ಹೆಮ್ಮೆ. ಆದರೆ ಆ ಧೈರ್ಯ ಗರ್ಭ ನಿಲ್ಲದಂತೆ ನೋಡಿಕೊಳ್ಳುವುದಕ್ಕೆ ಸೀಮಿತವಾಗಿತ್ತು.

ಕದ್ದುಮುಚ್ಚಿ ಮಾಡಿಸಿಕೊಂಡು ಸಾಯುವವರ ಚಿಂತೆಯಿಂದ ಕೇಂದ್ರವು 1964ರಲ್ಲಿ ಶಾಂತಿಲಾಲ್ ಶಾ ಸಮಿತಿಯನ್ನು ನೇಮಿಸಿತು. ಅದರ ವರದಿಯ ಬೆನ್ನಿಗೆ ಬಂದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಂದು ಜಾರಿಯಾಯಿತು. ಇದು ಹೆಣ್ಣಿಗೆ ಹಕ್ಕು ಕೊಟ್ಟ ಕಾಯ್ದೆ ಎನ್ನುವುದಕ್ಕಿಂತ, ಸದ್ಭಾವನೆಯಿಂದ ಗರ್ಭ ತೆಗೆದ ವೈದ್ಯರಿಗೆ ರಕ್ಷಣೆ ಕೊಟ್ಟ ಕಾಯ್ದೆ ಎನ್ನುವುದೇ ಸರಿ. 12 ವಾರದವರೆಗೆ ಒಬ್ಬ ವೈದ್ಯರ, 20 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕಿತ್ತು. ಒಪ್ಪಿಗೆ ಮಾತ್ರ ಆಕೆಯದೊಂದೇ. 18 ತುಂಬದವರಿಗೆ ಪೋಷಕರದು. ಗಂಡನ ಪ್ರಸ್ತಾಪ ಬಂದದ್ದು ಗರ್ಭನಿರೋಧಕ ವಿಫಲವಾದ ‘ವಿವಾಹಿತೆ ಅಥವಾ ಆಕೆಯ ಪತಿ’ ಎಂಬ ವಿವರಣೆಯಲ್ಲಿ. ಸಹಿ ಕೇಳುವ ಅಭ್ಯಾಸಕ್ಕೆ ಆ ಎರಡು ಪದಗಳೂ ಇಂಬು ಕೊಟ್ಟಿರಬಹುದೆಂದು ನನ್ನ ಊಹೆ.

ಕಾಯ್ದೆ ಕೇಂದ್ರದ್ದಾದರೂ ಅದನ್ನು ನಡೆಸುವ ಹೊಣೆಯಲ್ಲಿ ದೊಡ್ಡ ಪಾಲು ರಾಜ್ಯದ್ದು. 2002ರ ತಿದ್ದುಪಡಿ ಖಾಸಗಿ ಆಸ್ಪತ್ರೆಗಳಿಗೆ ಅನುಮತಿ ನೀಡುವ ಅಧಿಕಾರವನ್ನು ಜಿಲ್ಲಾ ಸಮಿತಿಗೆ ಇಳಿಸಿತು. ಸರ್ಕಾರಿ ಆಸ್ಪತ್ರೆಗೆ ಅಂಥ ಅನುಮತಿ ಬೇಡ. ಬೇಕಾದದ್ದು ಅರ್ಹ ವೈದ್ಯರು. ತಾಲ್ಲೂಕು ಆಸ್ಪತ್ರೆಯಲ್ಲಿ ಅವರಿಲ್ಲದಿದ್ದರೆ ಕೊಪ್ಪದ ಕೂಲಿ ಹೆಂಗಸು ದಿನದ ಸಂಬಳ ಬಿಟ್ಟು ಚಿಕ್ಕಮಗಳೂರಿಗೆ ಬಸ್ಸು ಹತ್ತಬೇಕು. ಕಾಫಿ ಕೊಯ್ಲಿನ ದಿನಗಳಲ್ಲಿ ಹಾಗೆ ರಜೆ ಕೇಳುವುದು ಸುಲಭವಲ್ಲ, ವಾರಗಳು ಮಾತ್ರ ಕಾಯುವುದಿಲ್ಲ.

2021ರ ಸೆಪ್ಟೆಂಬರ್ 24ರಂದು ಜಾರಿಗೆ ಬಂದ ತಿದ್ದುಪಡಿ, 20 ವಾರದವರೆಗೆ ಒಬ್ಬರೇ ವೈದ್ಯರ ಅಭಿಪ್ರಾಯ ಸಾಕೆಂದಿತು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದಿತರಾದವರು ಮುಂತಾದವರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ರಾಜ್ಯ ರಚಿಸುವ ವೈದ್ಯಕೀಯ ಮಂಡಳಿ ಮೂರು ದಿನದೊಳಗೆ ತೀರ್ಮಾನ ಹೇಳಬೇಕು. ಹಳೆಯ ವಿವರಣೆಯ ‘ಪತಿ’ ಹೋಗಿ ‘ಸಂಗಾತಿ’ ಬಂದ.

ಮರುವರ್ಷ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಅವಿವಾಹಿತೆಯರಿಗೂ 24 ವಾರದ ಅವಕಾಶ ಉಂಟೆಂದಿತು. ಮಹಿಳೆ ಎಂಬ ಪದದಲ್ಲಿ ಗರ್ಭ ಧರಿಸಬಲ್ಲ ಇತರ ಲಿಂಗತ್ವದವರನ್ನೂ ಸೇರಿಸಿತು. ಕುಟುಂಬದವರ ಒಪ್ಪಿಗೆಯಂಥ, ಕಾನೂನು ಕೇಳದ ಷರತ್ತುಗಳನ್ನು ವೈದ್ಯರು ಹೇರಬಾರದೆಂದು ಬರೆಯಿತು. 2024ರ ಜುಲೈ 1ರಿಂದ ಹಳೆಯ 312ನೇ ಕಲಮಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 88 ಬಂದಿದೆ. ಸಂಖ್ಯೆ ಹೊಸದು, ಅಪರಾಧ ಹಳೆಯದೇ.