ಅಪತಾನಿ ಹೆಂಗಸರು ಮೂಗಿಗೆ ಬಿರಡೆ ಹಾಕಿಕೊಂಡಿದ್ದು ಕುರೂಪಿಗಳಾಗಲೆಂದೇ?

ಪ್ರಶ್ನೆ: ಅರುಣಾಚಲದ ಅಪತಾನಿ ಹೆಂಗಸರು ಬಹಳ ಸುಂದರಿಯರಂತೆ. ನೆರೆಯ ಬುಡಕಟ್ಟಿನವರು ಹೊತ್ತೊಯ್ಯದಿರಲಿ ಎಂದು ಅವರ ಮೂಗಿಗೆ ಬಿರಡೆ ಹಾಕಿ, ಮುಖಕ್ಕೆ ಹಚ್ಚೆ ಚುಚ್ಚಿ ಅಂದಗೆಡಿಸುತ್ತಿದ್ದರಂತೆ. ನಿಜವೇ?

ಉತ್ತರ: ಅಂತೆ, ಅಂತೆ. ಅಪತಾನಿಗಳ ನೆಲೆಯಾದ ಝೀರೋ ಕಣಿವೆಯ ಅಜ್ಜಿಯೊಬ್ಬರ ಚಿತ್ರ ಎಲ್ಲಿ ಕಂಡರೂ ಈ ಅಂತೆ ಬೆನ್ನಿಗೇ ಬರುತ್ತದೆ. ಚುಟುಕಾಗಿ ಉತ್ತರಿಸಿ ಸಾಕಾಗಿದೆ, ಈ ಸಲ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಗಂಡಸರ ಮುಖ ನೋಡಿ. ಅದನ್ನು ಯಾರೂ ನೋಡುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಹೆಣ್ಣಿಗೆ ಹಣೆಯಿಂದ ಮೂಗಿನ ತುದಿಯವರೆಗೆ ಒಂದು ದಪ್ಪ ಗೆರೆ, ಗದ್ದದ ಮೇಲೆ ಐದು ಉದ್ದ ಗೆರೆ. ಗಂಡಿಗೆ ಕೆಳತುಟಿಯ ಅಡಿಯಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದಂಥ ಗುರುತು. ಮುಳ್ಳಿನಿಂದ ಚುಚ್ಚಿ ಮಸಿ ತುಂಬುವ ಈ ಹಚ್ಚೆಗೆ ಅವರ ಮಾತಿನಲ್ಲಿ ಟಿಪ್ಪೆ ಎನ್ನುತ್ತಾರೆ (ನಮ್ಮ ತಿಪ್ಪೆಗೂ ಇದಕ್ಕೂ ಸಂಬಂಧವಿಲ್ಲ, ದಯವಿಟ್ಟು ಆ ನಗೆಚಟಾಕಿ ಬೇಡ). ಹೆಂಗಸರ ಹಚ್ಚೆ ಅಂದಗೆಡಿಸಲು ಎನ್ನುವುದಾದರೆ ಗಂಡಸರದು ಯಾತಕ್ಕೆ? ಅವರನ್ನೂ ಯಾರಾದರೂ ಹೊತ್ತೊಯ್ಯುತ್ತಿದ್ದರೇ?

ಹೌದು, ಹೊತ್ತೊಯ್ಯುತ್ತಿದ್ದರು! 1944ರಲ್ಲಿ ಝೀರೋಗೆ ಹೋದ ಮಾನವಶಾಸ್ತ್ರಜ್ಞ ಫ್ಯೂರರ್-ಹೈಮನ್‌ಡಾರ್ಫ್ ಇದನ್ನೆಲ್ಲ ದಾಖಲಿಸಿದ್ದಾರೆ. ನೆರೆಯ ನಿಶಿಗಳಿಗೂ ಅಪತಾನಿಗಳಿಗೂ ವ್ಯಾಪಾರ, ನಂಟು, ದಾಳಿ ಎಲ್ಲವೂ ಒಟ್ಟೊಟ್ಟಿಗೇ ನಡೆಯುತ್ತಿತ್ತು. ಸೆರೆ ಹಿಡಿದವರನ್ನು ಬಿಡಿಸಿಕೊಳ್ಳಲು ಒತ್ತೆಹಣ ತೆರಬೇಕಿತ್ತು, ಅದನ್ನು ಎಣಿಸುತ್ತಿದ್ದದ್ದು ಮಿಥುನ್‌ಗಳ ಲೆಕ್ಕದಲ್ಲಿ. ಮಿಥುನ್ ಎಂದರೆ ನಮ್ಮ ಮಲೆನಾಡಿನ ಕಾಟಿಯ ಸಾಕು ಬಂಧು. ಒತ್ತೆಯಾಳಿನ ಮೂಗು ಹೇಗಿದ್ದರೇನು, ಅವನ ಮನೆಯವರ ಬಳಿ ಎಷ್ಟು ಮಿಥುನ್ ಇವೆ ಎಂಬುದಷ್ಟೇ ಮುಖ್ಯ.

ಇನ್ನು ಬಿರಡೆ. ‘ಯಾಪಿಂಗ್ ಹುಲ್ಲೊ’ ಎಂಬುದು ಅದರ ಹೆಸರು. ಹುಡುಗಿಯ ಮೂಗಿನ ಎರಡೂ ಹೊಳ್ಳೆಗಳಲ್ಲಿ ಚಿಕ್ಕದರಿಂದ ಆರಂಭಿಸಿ ವರ್ಷ ಕಳೆದಂತೆ ದೊಡ್ಡದನ್ನು ಕೂರಿಸುತ್ತಿದ್ದರು. ಅದಿಲ್ಲದ ಹುಡುಗಿಯನ್ನು ಕಣಿವೆಯೊಳಗಿನವರೇ ಚೆಂದವಿಲ್ಲ ಎನ್ನುತ್ತಿದ್ದರು. ಊರಿಗೆಲ್ಲ ಚೆಂದವಾಗಿ ಕಂಡದ್ದು ಕುರೂಪ ಎಂದು ತೀರ್ಪು ಕೊಡಲು ನಾವ್ಯಾರು? ನಮ್ಮ ಅಜ್ಜಿಯರ ಮುಂಗೈ ತುಂಬ ಹಸಿರು ಹಚ್ಚೆ ಇತ್ತಲ್ಲ, ಕಳ್ಳರು ಬರದಿರಲೆಂದು ಹಾಕಿಸಿಕೊಂಡಿರೇ ಎಂದು ಯಾರಾದರೂ ಅವರನ್ನು ಕೇಳಿದ್ದುಂಟೇ?

ಈ ಕಥೆಯನ್ನು ಝೀರೋದವರೇ ಕೆಲವರು ಹೇಳುತ್ತಾರಲ್ಲ ಎಂದು ನೀವು ಕೇಳುವಿರೆಂದು ಗೊತ್ತು. ಹೇಳುತ್ತಾರೆ, ಏಕೆ ಹೇಳಬಾರದು? ‘ನಮ್ಮ ಅಜ್ಜಿಯರು ಅಷ್ಟು ಚೆಲುವೆಯರಾಗಿದ್ದರು’ ಎಂಬ ಹೊಗಳಿಕೆ ಅದರೊಳಗೇ ಇದೆ, ಕೇಳಲು ಬಂದ ಪ್ರವಾಸಿಗನಿಗೂ ಖುಷಿ. ಆದರೆ ನಡುವೆ ನಿಶಿಗಳು ಸುಮ್ಮನೆ ಕಳ್ಳರಾಗಿಬಿಡುತ್ತಾರೆ.

ಪದ್ಧತಿ ನಿಂತದ್ದಕ್ಕೂ ಯಾವ ದಾಳಿಕೋರನೂ ಕಾರಣನಲ್ಲ. ಓದಲು, ಕೆಲಸಕ್ಕೆ ಎಂದು ಹೊರಗೆ ಹೋದವರನ್ನು ಜನ ನೋಡಿದ ನೋಟವೇ ಸಾಕಾಯಿತು. 1970ರ ದಶಕದ ಆರಂಭದಲ್ಲಿ ಅಪತಾನಿ ಯುವಜನರ ಸಂಘಟನೆಯೇ ಮುಂದೆ ನಿಂತು, ದಂಡ ಹಾಕುವುದಾಗಿ ಹೇಳಿ ಇದನ್ನು ನಿಲ್ಲಿಸಿತು. ಹಾಗಾಗಿ ಈಗ ಬಿರಡೆ ಕಾಣುವುದು ವಯಸ್ಸಾದವರಲ್ಲಿ ಮಾತ್ರ, ಅವರ ಎದುರಿಗೆ ಒಂದು ಕ್ಯಾಮೆರಾ.

ಅಪತಾನಿಗಳ ಗದ್ದೆಯ ಬಗ್ಗೆ ಮಾತ್ರ ಒಬ್ಬರೂ ಕೇಳಲಿಲ್ಲ. ನೇಗಿಲಿಲ್ಲದೆ, ಎತ್ತಿಲ್ಲದೆ, ಕೈ ಸಲಕರಣೆಗಳಿಂದಲೇ ಹದ ಮಾಡಿದ ಗದ್ದೆಯಲ್ಲಿ ಭತ್ತದ ಜೊತೆಗೇ ಮೀನು ಸಾಕುತ್ತಾರೆ, ಬದುವಿನ ಮೇಲೆ ರಾಗಿ ಬೆಳೆಯುತ್ತಾರೆ. ಉಳುವುದಕ್ಕಿಲ್ಲ, ಹಾಲಿಗಿಲ್ಲ ಎಂದಮೇಲೆ ಆ ಮಿಥುನ್ ಯಾತಕ್ಕೆ ಎಂದಾದರೂ ಯಾರಾದರೂ ಕೇಳಬೇಡವೇ? ಬಲಿಗೆ, ಮಾಂಸಕ್ಕೆ, ಒತ್ತೆಗೆ. ಜೊತೆಗೆ ಜಗಳಕ್ಕೂ ಬೇಕಿತ್ತು.

ಹಿಂದೆ ಅನುಕೂಲಸ್ಥರಿಬ್ಬರು ಹಟಕ್ಕೆ ಬಿದ್ದರೆ ಅದಕ್ಕೊಂದು ವಿಧಿಯಿತ್ತು, ಹೆಸರು ಲಿಸುದು. ಒಬ್ಬ ತನ್ನದೇ ಮಿಥುನ್ ಅನ್ನು ಎದುರಾಳಿಯ ಮನೆಯ ಮುಂದೆ ಕಡಿದು ಹಾಕುತ್ತಿದ್ದ. ಮರ್ಯಾದೆ ಉಳಿಯಬೇಕಾದರೆ ಇನ್ನೊಬ್ಬ ಅಷ್ಟನ್ನಾದರೂ ಕಡಿಯಬೇಕು. ಇವನು ಮತ್ತೆ ಕಡಿಯಬೇಕು. ಟಿಬೆಟಿನಿಂದ ಬಂದ ಬೆಲೆಬಾಳುವ ಗಂಟೆಗಳೂ ಕತ್ತಿಗಳೂ ಇದೇ ಹಟಕ್ಕೆ ಪುಡಿಯಾಗುತ್ತಿದ್ದವು. ಎದುರಾಳಿಯ ಮೈಮೇಲೆ ಒಂದು ಗೀರೂ ಇಲ್ಲ, ನಷ್ಟವೆಲ್ಲ ಸ್ವಂತದ್ದು. ಕೊನೆಗೆ ಬುಲಿಯಾಂಗ್ ಎಂಬ ಊರ ಹಿರಿಯರು ನಡುವೆ ಬಂದು ಬಿಡಿಸಬೇಕಿತ್ತು. ಕಡಿದದ್ದರ ಮಾಂಸ ಊರಿನವರ ಪಾಲಾಗುತ್ತಿದ್ದುದರಿಂದ, ಬಿಡಿಸಲು ಎಲ್ಲರಿಗೂ ಒಂದೇ ಅವಸರವಿತ್ತು ಎಂದು ನನಗೇನೂ ಅನಿಸುವುದಿಲ್ಲ.